ಕಾಲೇಜು ಫಾರ್ವರ್ಡ್ ಎನ್‌ಬಿಎಯಲ್ಲಿ ನಿಲ್ಲಬಲ್ಲನೇ? ಅಳೆಯುವ ಕ್ರಮ ಹೀಗೆ

ಪ್ರತಿ ವರ್ಷ ಮಾರ್ಚ್ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಹೆಸರುಗಳೊಡನೆ ಬರುತ್ತದೆ. ಅಮೆರಿಕದ ಕಾಲೇಜು ಪಂದ್ಯಾವಳಿಯನ್ನು ಇಲ್ಲಿ ನಸುಕಿನಲ್ಲೆದ್ದು ನೋಡುವವರು, ಅಲ್ಲಿಯೇ ನೆಲೆಸಿ ಮಕ್ಕಳನ್ನು ಶಾಲಾ ತಂಡಕ್ಕೆ ಸೇರಿಸಿರುವ ಕನ್ನಡಿಗರು, ನಮ್ಮ ಊರುಗಳಲ್ಲಿ ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸುವವರು, ಎಲ್ಲರೂ ಕೇಳುವುದು ಇಷ್ಟೇ: ಈ ಫಾರ್ವರ್ಡ್ ಪಂದ್ಯಕ್ಕೆ ಇಪ್ಪತ್ತು ಅಂಕ ಗಳಿಸುತ್ತಿದ್ದಾನಲ್ಲ, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ನಿಲ್ಲುತ್ತಾನೆಯೇ?

ಅಂಕದಿಂದ ಶುರುವಾದ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಕಷ್ಟ. ಗೊನ್ಜಾಗಾ ವಿಶ್ವವಿದ್ಯಾಲಯದ ಆ್ಯಡಂ ಮಾರಿಸನ್ ಅವರು 2005-06ರ ಋತುವಿನಲ್ಲಿ ಪಂದ್ಯಕ್ಕೆ 28.1 ಅಂಕ ಗಳಿಸಿ, 2006ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಳ್ಳುವಾಗ, ಮೂರನೆಯವರಾಗಿ ಆಯ್ಕೆಯಾದರು. ಎನ್‌ಬಿಎಯಲ್ಲಿ ಅವರು ಆಡಿದ್ದು ಒಟ್ಟು 161 ಪಂದ್ಯ. ಮಿಷಿಗನ್ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ ಡ್ರೇಮಂಡ್ ಗ್ರೀನ್ ಅವರು ಕೊನೆಯ ವರ್ಷದಲ್ಲೂ ಪಂದ್ಯಕ್ಕೆ ಗಳಿಸಿದ್ದು ಹದಿನಾರು ಅಂಕ. 2012ರಲ್ಲಿ 35ನೆಯವರಾಗಿ ಆಯ್ಕೆಯಾದ ಅವರು 2017ರಲ್ಲಿ ಇಡೀ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಎನಿಸಿಕೊಂಡರು. ಕಾಲೇಜಿನ ತಾರೆ ಆಡುವಾಗ ಚೆಂಡು ಬಹುಪಾಲು ಆತನ ಕೈಯಲ್ಲೇ ಇರುತ್ತದೆ. ಎನ್‌ಬಿಎಗೆ ಹೋದ ಮೊದಲ ಕೆಲವು ವರ್ಷ ಅದೇ ಆಟಗಾರ ಐವರಲ್ಲಿ ನಾಲ್ಕನೆಯವನೋ ಐದನೆಯವನೋ ಆಗಿ, ಹೆಚ್ಚಿನ ಹೊತ್ತು ಚೆಂಡಿಲ್ಲದೆ ಅಂಕಣದಲ್ಲಿರಬೇಕಾಗುತ್ತದೆ. ಆದ್ದರಿಂದ ಈ ಲೇಖನದ ಎಲ್ಲ ಹಂತಗಳ ಹಿಂದೆಯೂ ಒಂದೇ ಪ್ರಶ್ನೆ ಇದೆ: ಚೆಂಡು ಕೈಯಲ್ಲಿಲ್ಲದಾಗ ಈ ಹುಡುಗನಿಂದ ತಂಡಕ್ಕೆ ಏನು ಸಿಗುತ್ತದೆ?

ಮೊದಲು ತಿಳಿದಿರಬೇಕಾದದ್ದು

ತಂಡದ ಐವರಲ್ಲಿ ಸಾಮಾನ್ಯವಾಗಿ ಇಬ್ಬರು ಫಾರ್ವರ್ಡ್‌ಗಳು. ಹೊರಗಿನಿಂದ ಎಸೆಯುತ್ತ, ಚೆಂಡನ್ನು ತಟ್ಟಿಕೊಂಡು ಒಳನುಗ್ಗುತ್ತ ಆಡುವವನು ಸ್ಮಾಲ್ ಫಾರ್ವರ್ಡ್. ಬುಟ್ಟಿಯ ಹತ್ತಿರ ಮೈಯೊಡ್ಡಿ ಆಡುವವನು ಪವರ್ ಫಾರ್ವರ್ಡ್. ಇವತ್ತಿನ ಆಟದಲ್ಲಿ ಈ ಗೆರೆ ಬಹಳ ಮಸುಕಾಗಿದೆ, ಆದರೆ ಎದುರಾಳಿಗಳಲ್ಲಿ ಯಾರನ್ನು ಕಾಯುತ್ತಾನೆ ಎಂಬ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ.

ಡ್ರಾಫ್ಟ್ ಎಂದರೆ 30 ತಂಡಗಳು ಸರದಿಯ ಮೇಲೆ ಹೊಸಬರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ. ಎರಡು ಸುತ್ತು ಸೇರಿ ಸಾಮಾನ್ಯವಾಗಿ 60 ಆಯ್ಕೆಗಳು. ನಿಯಮ ಮುರಿದ ತಂಡಗಳು ಸರದಿ ಕಳೆದುಕೊಂಡ ವರ್ಷಗಳಲ್ಲಿ ಇದು 58ಕ್ಕೂ ಇಳಿದಿದೆ. ಮೊದಲ ಸುತ್ತಿನವರಿಗೆ ಎರಡು ವರ್ಷದ ಸಂಬಳ ಖಾತ್ರಿ, ಮೂರನೆಯ ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆಗೆ ಬಿಟ್ಟದ್ದು. ಎರಡನೆಯ ಸುತ್ತಿನವರಿಗೆ ಅಂಥ ನಿಗದಿತ ಖಾತ್ರಿ ಇಲ್ಲ.

ಆಟದ ನಿಯಮಗಳಲ್ಲೂ ವ್ಯತ್ಯಾಸವಿದೆ. ಕಾಲೇಜು ಪುರುಷರ ಪಂದ್ಯ 40 ನಿಮಿಷದ್ದು, ಎನ್‌ಬಿಎ ಪಂದ್ಯ 48 ನಿಮಿಷದ್ದು. ಚೆಂಡು ಸಿಕ್ಕ ಮೇಲೆ ಕಾಲೇಜಿನಲ್ಲಿ 30 ಸೆಕೆಂಡಿನೊಳಗೆ ಎಸೆಯಬೇಕು, ಎನ್‌ಬಿಎಯಲ್ಲಿ 24 ಸೆಕೆಂಡಿನೊಳಗೆ. ಮೂರು ಅಂಕದ ಗೆರೆ ಕಾಲೇಜಿನಲ್ಲಿ ಈಗ 22 ಅಡಿ ಒಂದೂಮುಕ್ಕಾಲು ಇಂಚು ದೂರದಲ್ಲಿದೆ; ಎನ್‌ಬಿಎಯಲ್ಲಿ ಎದುರಿನಿಂದ 23 ಅಡಿ 9 ಇಂಚು, ಮೂಲೆಗಳಲ್ಲಿ 22 ಅಡಿ. ಬುಟ್ಟಿಯ ಮುಂದಿನ ಬಣ್ಣದ ಚೌಕ ಕಾಲೇಜಿನಲ್ಲಿ 12 ಅಡಿ ಅಗಲ, ಎನ್‌ಬಿಎಯಲ್ಲಿ 16 ಅಡಿ. ಇಷ್ಟಲ್ಲದೆ, ಯಾರನ್ನೂ ಕಾಯದೆ ಆ ಚೌಕದೊಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಂತಿರುವುದು ಎನ್‌ಬಿಎಯಲ್ಲಿ ರಕ್ಷಕನಿಗೆ ತಪ್ಪು. ಕಾಲೇಜಿನಲ್ಲಿ ಈ ನಿಯಮವಿಲ್ಲ. ಬುಟ್ಟಿಯ ಕೆಳಗೆ ಠಿಕಾಣಿ ಹೂಡಿ ಬಂದವರ ಎಸೆತ ತಡೆಯುವ ಕಾಲೇಜು ಫಾರ್ವರ್ಡ್‌ನ ಅರ್ಧ ಬಲ ಅಲ್ಲೇ ಕರಗಬಹುದು.

ಕೈಯಲ್ಲಿರಬೇಕಾದವು

ಕನಿಷ್ಠ ಐದು ಪೂರ್ತಿ ಪಂದ್ಯಗಳ ದೃಶ್ಯಮುದ್ರಿಕೆ ಇರಲಿ. ಅವುಗಳಲ್ಲಿ ಎರಡಾದರೂ ಬಲಿಷ್ಠ ತಂಡಗಳ ವಿರುದ್ಧದವು, ಒಂದಾದರೂ ಆತ ಕೆಟ್ಟದಾಗಿ ಆಡಿದ್ದು ಆಗಿರಬೇಕು. ಇದರ ಜೊತೆಗೆ ಋತುವಿನ ಪೂರ್ತಿ ಅಂಕಿಅಂಶ, ಜನ್ಮದಿನಾಂಕ, ಲಭ್ಯವಿದ್ದರೆ ಅಧಿಕೃತ ದೇಹದ ಅಳತೆ, ಒಂದು ನೋಟ್‌ಬುಕ್ಕು ಬೇಕು. ಒಳ್ಳೆಯ ಹೊಡೆತಗಳನ್ನಷ್ಟೇ ಕತ್ತರಿಸಿ ಜೋಡಿಸಿದ ಐದು ನಿಮಿಷದ ತುಣುಕುಗಳನ್ನು ದಯವಿಟ್ಟು ಬದಿಗಿಡಿ. ಅವುಗಳಲ್ಲಿ ತಪ್ಪಿದ ಎಸೆತ ಒಂದೂ ಇರುವುದಿಲ್ಲ. ನಿಮಗೆ ಬೇಕಾಗಿರುವುದು ಆ ತಪ್ಪಿದ ಎಸೆತಗಳೇ.

ಹಂತ 1: ವಯಸ್ಸು ಮತ್ತು ಎದುರಾಳಿಗಳ ಮಟ್ಟ

ಎಷ್ಟನೆಯ ವರ್ಷದ ವಿದ್ಯಾರ್ಥಿ ಎಂದು ನೋಡಿ ಬಿಟ್ಟರೆ ಸಾಲದು, ಹುಟ್ಟಿದ ದಿನವನ್ನೇ ನೋಡಬೇಕು. ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲ್ಯಾಗ್ ಹುಟ್ಟಿದ್ದು 2006ರ ಡಿಸೆಂಬರ್ 21ರಂದು. ಅಂದರೆ 2024-25ರ ಕಾಲೇಜು ಋತು ಆರಂಭವಾದಾಗ ಅವರಿಗಿನ್ನೂ ಹದಿನೇಳು. ಆ ವಯಸ್ಸಿನಲ್ಲಿ ಪಂದ್ಯಕ್ಕೆ 19.2 ಅಂಕ, 7.5 ರಿಬೌಂಡ್ (ತಪ್ಪಿದ ಎಸೆತವನ್ನು ಹಿಡಿಯುವುದು), 4.2 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್) ಗಳಿಸಿದ್ದಕ್ಕೂ, ಇಪ್ಪತ್ತಮೂರರ ಆಟಗಾರನೊಬ್ಬ ತನಗಿಂತ ನಾಲ್ಕೈದು ವರ್ಷ ಚಿಕ್ಕವರ ಎದುರು ಅಷ್ಟನ್ನೇ ಗಳಿಸುವುದಕ್ಕೂ ಅಜಗಜಾಂತರ. 2025ರಲ್ಲಿ ಡಲ್ಲಾಸ್ ತಂಡ ಫ್ಲ್ಯಾಗ್ ಅವರನ್ನು ಮೊದಲಿಗರಾಗಿ ಆರಿಸಿಕೊಂಡಿದ್ದರಲ್ಲಿ ಈ ಲೆಕ್ಕವೂ ಸೇರಿತ್ತು.

ಇಲ್ಲಿ ಇತ್ತೀಚಿನ ಬದಲಾವಣೆಯೊಂದನ್ನು ಗಮನಿಸಬೇಕು. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾಗಿದೆ. ಹೀಗಾಗಿ ಮೊದಲಾದರೆ ಬೇಗ ಹೊರಟುಬಿಡುತ್ತಿದ್ದವರು ಈಗ ಕಾಲೇಜಿನಲ್ಲೇ ಇನ್ನೊಂದೆರಡು ವರ್ಷ ಉಳಿಯುತ್ತಾರೆ. ಹೆಚ್ಚು ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಆಟಗಾರನನ್ನು ಕೈಬಿಡುವ ಹಳೆಯ ಪದ್ಧತಿಯನ್ನು ಸ್ವಲ್ಪ ಸಡಿಲಿಸುವುದು ನ್ಯಾಯ. ವಯಸ್ಸಾದವನಲ್ಲಿ ಬೆಳವಣಿಗೆಯ ನಿರೀಕ್ಷೆ ಕಡಿಮೆ, ಆದರೆ ಇಂದೇ ಕೆಲಸಕ್ಕೆ ಬರುವ ಗುಣ ಹೆಚ್ಚಿರಬಹುದು.

ಎದುರಾಳಿಗಳ ಮಟ್ಟಕ್ಕೆ ಸುಲಭ ದಾರಿ ಇದೆ. ದುರ್ಬಲ ತಂಡಗಳ ವಿರುದ್ಧದ ನವೆಂಬರ್, ಡಿಸೆಂಬರ್ ಪಂದ್ಯಗಳನ್ನು ತೆಗೆದುಹಾಕಿ, ತನ್ನದೇ ಗುಂಪಿನ ತಂಡಗಳೊಂದಿಗೆ ಆಡಿದ ಪಂದ್ಯಗಳ ಸರಾಸರಿಯನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ.

ಹಂತ 2: ದೇಹದ ಅಳತೆ

ಕಾಲೇಜುಗಳು ಪ್ರಕಟಿಸುವ ಎತ್ತರವನ್ನು ನಂಬಬೇಡಿ. ಬೂಟಿನೊಡನೆ ಅಳೆದು ಮೇಲೊಂದು ಇಂಚು ಸೇರಿಸುವ ರೂಢಿ ಅಲ್ಲಿದೆ. ಮೇ ತಿಂಗಳಲ್ಲಿ ಶಿಕಾಗೋದಲ್ಲಿ ನಡೆಯುವ ಡ್ರಾಫ್ಟ್ ಕಂಬೈನ್, ಅಂದರೆ ಆಯ್ಕೆಗೆ ಮುಂಚಿನ ಅಧಿಕೃತ ಪರೀಕ್ಷಾ ಶಿಬಿರದಲ್ಲಿ ಬೂಟಿಲ್ಲದೆ ಎತ್ತರ, ಎರಡೂ ತೋಳು ಚಾಚಿದಾಗಿನ ಉದ್ದ, ಕೈ ಮೇಲೆತ್ತಿ ನಿಂತಾಗ ಬೆರಳು ತಲುಪುವ ಎತ್ತರ ಇವೆಲ್ಲವನ್ನೂ ಅಳೆಯುತ್ತಾರೆ. ಸಾಮಾನ್ಯ ಜನರಲ್ಲಿ ತೋಳಿನ ಉದ್ದ ಎತ್ತರಕ್ಕೆ ಹೆಚ್ಚುಕಡಿಮೆ ಸಮ. ಎನ್‌ಬಿಎ ಫಾರ್ವರ್ಡ್‌ಗಳಲ್ಲಿ ಅದು ನಾಲ್ಕೈದು ಇಂಚು ಜಾಸ್ತಿ ಇರುವುದೇ ಸಾಮಾನ್ಯ.

ಅಳತೆ ಮುಖ್ಯ, ಆದರೆ ಅದೊಂದರಿಂದಲೇ ಏನೂ ತೀರ್ಮಾನವಾಗುವುದಿಲ್ಲ. ಸ್ಮಾಲ್ ಫಾರ್ವರ್ಡ್‌ಗೆ ಬೇಕಾದ ವೇಗವಿಲ್ಲದೆ, ಪವರ್ ಫಾರ್ವರ್ಡ್‌ಗೆ ಬೇಕಾದ ಎತ್ತರವೂ ಇಲ್ಲದೆ ನಡುವೆ ಸಿಕ್ಕಿಕೊಂಡವನನ್ನು ಟ್ವೀನರ್ ಎನ್ನುತ್ತಾರೆ. ಗ್ರೀನ್ ಅವರಿಗೂ ಈ ಹೆಸರು ಅಂಟಿತ್ತು, 2013ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಮೊದಲಿಗರಾಗಿ ಆರಿಸಿಕೊಂಡ ಆಂಟನಿ ಬೆನೆಟ್ ಅವರಿಗೂ ಅಂಟಿತ್ತು. ಇಬ್ಬರ ತೋಳಿನ ಉದ್ದವೂ ಏಳು ಅಡಿಯ ಮೇಲೆಯೇ. ಬೆನೆಟ್ ಕಾಲೇಜಿನಲ್ಲಿ ತಮ್ಮ ಒಂದೇ ವರ್ಷದಲ್ಲಿ ಪಂದ್ಯಕ್ಕೆ 16.1 ಅಂಕ ಗಳಿಸಿದ್ದರು, ಎನ್‌ಬಿಎಯಲ್ಲಿ ಅವರ ಪಯಣ 151 ಪಂದ್ಯಗಳಿಗೆ ನಿಂತಿತು. ಗ್ರೀನ್ ಐದೂ ಸ್ಥಾನದ ಎದುರಾಳಿಗಳನ್ನು ಕಾಯಬಲ್ಲವರಾದ್ದರಿಂದ ನಡುವೆ ಸಿಕ್ಕಿಕೊಂಡ ದೇಹವೇ ಅವರಿಗೆ ವರವಾಯಿತು.

ಎಚ್ಚರಿಕೆ: ಭಾರ ಎತ್ತುವ ಪರೀಕ್ಷೆಗೆ ಹೆಚ್ಚು ಬೆಲೆ ಕೊಡಬೇಡಿ. 2007ರಲ್ಲಿ ಕೆವಿನ್ ಡ್ಯುರಾಂಟ್ ಅವರಿಗೆ 185 ಪೌಂಡ್, ಅಂದರೆ ಸುಮಾರು 84 ಕಿಲೋ ಭಾರವನ್ನು ಮಲಗಿ ಒಂದು ಸಲವೂ ಎತ್ತಲಾಗಲಿಲ್ಲ. ಹತ್ತೊಂಬತ್ತರ ದೇಹಕ್ಕೆ ಬಲ ಆಮೇಲೆ ಬರುತ್ತದೆ, ತೋಳು ಮಾತ್ರ ಉದ್ದವಾಗುವುದಿಲ್ಲ.

ಹಂತ 3: ಅಂಕಿಅಂಶವನ್ನು ಶುಚಿಗೊಳಿಸುವುದು

ಪಂದ್ಯದ ಸರಾಸರಿಯನ್ನು 40 ನಿಮಿಷದ ಲೆಕ್ಕಕ್ಕೆ ತನ್ನಿ. 24 ನಿಮಿಷದಲ್ಲಿ 12 ಅಂಕ ಗಳಿಸಿದವನೂ 36 ನಿಮಿಷದಲ್ಲಿ 18 ಗಳಿಸಿದವನೂ ಈ ಲೆಕ್ಕದಲ್ಲಿ ಸಮಾನರು, ಇಬ್ಬರದೂ 20.

ಬಳಿಕ ಯೂಸೇಜ್ ನೋಡಿ. ಆತ ಅಂಕಣದಲ್ಲಿದ್ದ ಹೊತ್ತಿನಲ್ಲಿ ತಂಡದ ದಾಳಿಗಳಲ್ಲಿ ಎಷ್ಟು ಪಾಲು ಆತನ ಎಸೆತ, ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ ಉಚಿತ ಎಸೆತ) ಅಥವಾ ಚೆಂಡು ಕಳೆದುಕೊಳ್ಳುವುದರಲ್ಲಿ ಮುಗಿಯಿತು ಎಂಬುದು ಇದರ ಅರ್ಥ. ಐವರೂ ಸಮನಾಗಿ ಹಂಚಿಕೊಂಡರೆ ತಲಾ 20 ಶೇಕಡಾ. 30 ಶೇಕಡಾ ಇರುವ ಫಾರ್ವರ್ಡ್‌ನ ಅಂಕಗಳನ್ನು ಕಂಡು ಬೆರಗಾಗುವ ಮುನ್ನ, ಅದು 17ಕ್ಕೆ ಇಳಿದಾಗ ಏನು ಮಾಡುತ್ತಾನೆ ಎಂದು ಕೇಳಿಕೊಳ್ಳಿ.

ಮೂರನೆಯದು ಟ್ರೂ ಶೂಟಿಂಗ್, ಎಲ್ಲ ಬಗೆಯ ಎಸೆತಗಳನ್ನೂ ಒಟ್ಟಿಗೆ ಹಿಡಿದು ಲೆಕ್ಕಹಾಕುವ ದಕ್ಷತೆ. ಫ್ರೀ ಥ್ರೋಗಳ ಸಂಖ್ಯೆಯನ್ನು 0.44ರಿಂದ ಗುಣಿಸಿ, ಅದಕ್ಕೆ ಇತರ ಎಸೆತಗಳ ಸಂಖ್ಯೆಯನ್ನು ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಒಟ್ಟು ಅಂಕವನ್ನು ಅದರಿಂದ ಭಾಗಿಸಬೇಕು. 14 ಎಸೆತ, 6 ಫ್ರೀ ಥ್ರೋಗಳಲ್ಲಿ 20 ಅಂಕ ಗಳಿಸಿದವನಿಗೆ 20ನ್ನು 33.28ರಿಂದ ಭಾಗಿಸಿದರೆ 60 ಶೇಕಡಾ ಬರುತ್ತದೆ. ಅದು ಉತ್ತಮ ದಕ್ಷತೆ. ಅದೇ 20 ಅಂಕಕ್ಕೆ 22 ಎಸೆತ ಬೇಕಾಗಿದ್ದರೆ ಕಥೆ ಬೇರೆ.

ಹಂತ 4: ಹೊರಗಿನ ಎಸೆತ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಆದ್ದರಿಂದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 2017ರ ಡ್ರಾಫ್ಟ್‌ನಲ್ಲಿ ಮೂರನೆಯ ಆಯ್ಕೆ ಡ್ಯೂಕ್‌ನ ಜೇಸನ್ ಟೇಟಮ್, ನಾಲ್ಕನೆಯ ಆಯ್ಕೆ ಕ್ಯಾನ್ಸಸ್‌ನ ಜಾಶ್ ಜಾಕ್ಸನ್. ಇಬ್ಬರೂ ಫಾರ್ವರ್ಡ್‌ಗಳು, ಇಬ್ಬರೂ ಕಾಲೇಜಿನಲ್ಲಿ ಆಡಿದ್ದು ಒಂದೇ ವರ್ಷ. ಮೂರು ಅಂಕದ ಎಸೆತಗಳಲ್ಲಿ ಟೇಟಮ್ 117ರಲ್ಲಿ 40 ಹಾಕಿದ್ದರು, 34.2 ಶೇಕಡಾ. ಜಾಕ್ಸನ್ 90ರಲ್ಲಿ 34, ಅಂದರೆ 37.8 ಶೇಕಡಾ. ಬರೀ ಈ ಎರಡು ಸಂಖ್ಯೆ ನೋಡಿದವರಿಗೆ ಜಾಕ್ಸನ್ ಅವರೇ ಉತ್ತಮ ಎಸೆತಗಾರ.

ಈಗ ಒಂದು ಸಣ್ಣ ಪ್ರಯೋಗ ಮಾಡಿ. ಇಡೀ ಋತುವಿನಲ್ಲಿ ಜಾಕ್ಸನ್ ಅವರ ನಾಲ್ಕು ಎಸೆತ ಕಬ್ಬಿಣಕ್ಕೆ ತಾಗಿ ಹೊರಬಿದ್ದಿದ್ದರೆ 90ರಲ್ಲಿ 30, ಅಂದರೆ 33.3. ಟೇಟಮ್ ಅವರ ನಾಲ್ಕು ಎಸೆತ ಒಳಬಿದ್ದಿದ್ದರೆ 117ರಲ್ಲಿ 44, ಅಂದರೆ 37.6. ತಲಾ ನಾಲ್ಕೇ ಎಸೆತಗಳಲ್ಲಿ ಇಬ್ಬರ ಸ್ಥಾನ ಅದಲುಬದಲಾಗಿಬಿಡುತ್ತದೆ. ಇಷ್ಟು ಕಡಿಮೆ ಎಸೆತಗಳ ಶೇಕಡಾವಾರಿನ ಮೇಲೆ ತೀರ್ಪು ಕಟ್ಟಬಾರದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಫ್ರೀ ಥ್ರೋ ನೋಡಿ. ಯಾರೂ ಅಡ್ಡ ಬರದ, ದೂರ ಎಂದೂ ಬದಲಾಗದ ಈ ಎಸೆತದಲ್ಲಿ ಆಟಗಾರನ ಕೈಯ ನಿಜಗುಣ ಕಾಣುತ್ತದೆ. ಟೇಟಮ್ 139ರಲ್ಲಿ 118 ಹಾಕಿದ್ದರು, 84.9 ಶೇಕಡಾ. ಜಾಕ್ಸನ್ 173ರಲ್ಲಿ 98, ಬರೀ 56.6. ಈ ಅಂತರ ಮುಚ್ಚಲು ಜಾಕ್ಸನ್ ಇನ್ನೂ 49 ಫ್ರೀ ಥ್ರೋ ಹಾಕಬೇಕಿತ್ತು. ಇದನ್ನು ಅದೃಷ್ಟದ ಲೆಕ್ಕಕ್ಕೆ ಬಿಡುವಂತಿಲ್ಲ. ಎನ್‌ಬಿಎಯ ಮೊದಲ ವರ್ಷದಲ್ಲೇ ಟೇಟಮ್ ಮೂರು ಅಂಕದ ಎಸೆತಗಳಲ್ಲಿ 43.4 ಶೇಕಡಾ ಸಾಧಿಸಿದರು, ಜಾಕ್ಸನ್ 26.3ಕ್ಕೆ ಇಳಿದರು.

ಕವಾಯ್ ಲೆನರ್ಡ್ ಅವರ ಕಥೆಯೂ ಇದೇ ಕಡೆಗೆ ಬೊಟ್ಟು ಮಾಡುತ್ತದೆ. ಸ್ಯಾನ್ ಡಿಯೇಗೋ ಸ್ಟೇಟ್‌ನಲ್ಲಿ ಎರಡು ವರ್ಷ ಸೇರಿ ಮೂರು ಅಂಕದ ಎಸೆತದಲ್ಲಿ ಅವರದು 25 ಶೇಕಡಾ, ಆದರೆ ಎರಡನೆಯ ವರ್ಷದ ಫ್ರೀ ಥ್ರೋ 75.9. 2011ರಲ್ಲಿ 15ನೆಯವರಾಗಿ ಆಯ್ಕೆಯಾಗಿ ಸ್ಯಾನ್ ಆಂಟೋನಿಯೋ ಸೇರಿದ ಮೇಲೆ ಅಲ್ಲಿನ ಎಸೆತದ ತರಬೇತುದಾರ ಚಿಪ್ ಎಂಗೆಲಂಡ್ ಅವರು ಎಸೆತವನ್ನು ತಿದ್ದಿದರು, ಮೊದಲ ಋತುವಿನಲ್ಲೇ ಅದು 37.6 ಮುಟ್ಟಿತು. ಒಳ್ಳೆಯ ತರಬೇತುದಾರ ಸಿಕ್ಕಿದ್ದು ಲೆನರ್ಡ್ ಅವರ ಭಾಗ್ಯ ಎಂಬುದು ನಿಜ, ಆದರೆ ತಿದ್ದಬಹುದಾದ ಕೈ ಎಂಬ ಸುಳಿವು ಫ್ರೀ ಥ್ರೋದಲ್ಲಿ ಮೊದಲೇ ಇತ್ತು.

ಎಚ್ಚರಿಕೆ: ಒಂದು ವರ್ಷದ ಮಿಂಚಿಗೆ ಮರುಳಾಗಬೇಡಿ. ಅರಿಜೋನಾದ ಡೆರಿಕ್ ವಿಲಿಯಮ್ಸ್ 2010-11ರಲ್ಲಿ ಮೂರು ಅಂಕದ 74 ಎಸೆತಗಳಲ್ಲಿ 42 ಹಾಕಿ 56.8 ಶೇಕಡಾ ತೋರಿಸಿದ್ದರು, ಎರಡನೆಯವರಾಗಿ ಆಯ್ಕೆಯೂ ಆದರು. ಎನ್‌ಬಿಎಯಲ್ಲಿ ಅದು 30ರ ಆಸುಪಾಸಿಗೆ ಬಂದು ನಿಂತಿತು. ಹಳೆಯ ಆಟಗಾರರೊಂದಿಗೆ ಹೋಲಿಸುವಾಗ, ಕಾಲೇಜಿನ ಗೆರೆಯನ್ನು ಈಗಿನ ದೂರಕ್ಕೆ ಸರಿಸಿದ್ದು 2019-20ರಲ್ಲಿ, ಅದಕ್ಕೆ ಮೊದಲು ಅದು 20 ಅಡಿ 9 ಇಂಚಿನಲ್ಲೇ ಇತ್ತು ಎಂಬುದನ್ನೂ ಮರೆಯಬೇಡಿ.

ಹಂತ 5: ರಕ್ಷಣೆಯನ್ನು ಕಣ್ಣಾರೆ ನೋಡುವುದು

ರಕ್ಷಣೆಯ ಬಗ್ಗೆ ಅಂಕಿಅಂಶ ಹೇಳುವುದು ಸ್ವಲ್ಪವೇ. ಚೆಂಡು ಕಸಿದದ್ದು, ಎಸೆತ ತಡೆದದ್ದು ಎರಡೂ ಒಟ್ಟಿಗೆ ಹೆಚ್ಚಿದ್ದರೆ ಕಾಲಿನ ಚುರುಕು, ಕಣ್ಣಿನ ಸೂಕ್ಷ್ಮ ಎರಡೂ ಇವೆ ಎನ್ನಬಹುದು. ಜಯನ್ ವಿಲಿಯಮ್ಸನ್ 2018-19ರಲ್ಲಿ ಡ್ಯೂಕ್‌ಗಾಗಿ ಪಂದ್ಯಕ್ಕೆ 2.1 ಸಲ ಕಸಿದು, 1.8 ಸಲ ತಡೆದದ್ದು ಅಂಥ ಸೂಚನೆ. ಉಳಿದದ್ದನ್ನು ಕಣ್ಣಿನಿಂದಲೇ ಕಾಣಬೇಕು.

ಪ್ರತಿ ಪಂದ್ಯವನ್ನು ಎರಡು ಸಲ ನೋಡಿ. ಎರಡನೆಯ ಸಲ ಚೆಂಡನ್ನು ಪೂರ್ತಿ ಮರೆತು ನಿಮ್ಮ ಆಟಗಾರನ ಮೇಲೆ ಮಾತ್ರ ಕಣ್ಣಿಡಿ. ಇದು ಹೇಳಿದಷ್ಟು ಸುಲಭವಲ್ಲ. ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ, ಮೂರ್ನಾಲ್ಕು ಪಂದ್ಯಗಳ ಅಭ್ಯಾಸ ಬೇಕು.

ಮುಖ್ಯವಾಗಿ ಕ್ಲೋಸ್‌ಔಟ್ ನೋಡಿ. ಸಹಾಯಕ್ಕೆಂದು ಬುಟ್ಟಿಯ ಕಡೆ ಸರಿದಿದ್ದ ರಕ್ಷಕ, ತಾನು ಕಾಯಬೇಕಾದವನಿಗೆ ಹೊರಗೆ ಪಾಸ್ ಹೋದ ಕೂಡಲೇ ಓಡಿ ಬಂದು ಎದುರು ನಿಲ್ಲುವುದಕ್ಕೆ ಈ ಹೆಸರು. ಚೆನ್ನಾಗಿ ಕಲಿತವನು ಮೊದಲು ಉದ್ದುದ್ದ ಹೆಜ್ಜೆ ಹಾಕಿ, ಕೊನೆಯ ಎರಡು ಮೂರು ಹೆಜ್ಜೆಗಳನ್ನು ಚಿಕ್ಕದು ಮಾಡಿ, ಸೊಂಟ ತಗ್ಗಿಸಿ, ಒಂದು ಕೈ ಮೇಲೆತ್ತಿ ನಿಲ್ಲುತ್ತಾನೆ. ಆಗ ಎದುರಾಳಿ ಎಸೆಯಲೂ ಹಿಂಜರಿಯಬೇಕು, ನುಗ್ಗಲೂ ಹಿಂಜರಿಯಬೇಕು. ಕಲಿಯದವನು ನೆಟ್ಟಗೆ ನಿಂತ ಮೈಯಲ್ಲೇ ಓಡಿ ಬಂದು ಗಾಳಿಗೆ ಹಾರುತ್ತಾನೆ. ಎದುರಾಳಿ ಚೆಂಡನ್ನು ಒಮ್ಮೆ ನೆಲಕ್ಕೆ ತಟ್ಟಿ ಪಕ್ಕದಿಂದ ಸಾಗಿಬಿಡುತ್ತಾನೆ. ಇಪ್ಪತ್ತು ಕ್ಲೋಸ್‌ಔಟ್‌ಗಳನ್ನು ನೋಟ್‌ಬುಕ್ಕಿನಲ್ಲಿ ಸರಿ, ತಪ್ಪು ಎಂದು ಗುರುತು ಹಾಕಿಕೊಂಡರೆ ಯಾವ ವರದಿಯೂ ಹೇಳದಷ್ಟು ನಿಮಗೆ ತಿಳಿದಿರುತ್ತದೆ.

ಎರಡನೆಯದು ಸ್ವಿಚ್, ಅಂದರೆ ಇಬ್ಬರು ರಕ್ಷಕರು ತಾವು ಕಾಯುವವರನ್ನು ಆಟದ ನಡುವೆಯೇ ಅದಲುಬದಲು ಮಾಡಿಕೊಳ್ಳುವುದು. ಹೀಗೆ ಚುರುಕಾದ ಚಿಕ್ಕ ಗಾರ್ಡ್ (ಹೊರಗಿನಿಂದ ಆಟ ನಡೆಸುವ ಆಟಗಾರ) ಒಬ್ಬ ಎದುರಾದಾಗ ನಿಮ್ಮ ಫಾರ್ವರ್ಡ್ ಮೂರು ತಟ್ಟುಗಳವರೆಗೆ ಆತನ ಮುಂದೆ ಉಳಿಯುತ್ತಾನೆಯೇ? ನನ್ನ ಅಭಿಪ್ರಾಯದಲ್ಲಿ ಇಂದಿನ ಫಾರ್ವರ್ಡ್‌ಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ಎಚ್ಚರಿಕೆ: ಕೆಲವು ಕಾಲೇಜುಗಳು ವ್ಯಕ್ತಿಯನ್ನು ಬಿಟ್ಟು ಜಾಗವನ್ನು ಕಾಯುವ ಜೋನ್ ಪದ್ಧತಿಯಲ್ಲಿ ಆಡುತ್ತವೆ, ಜಿಮ್ ಬೇಹೈಮ್ ಅವರ ಕಾಲದ ಸಿರಕ್ಯೂಸ್ ಇದಕ್ಕೇ ಹೆಸರುವಾಸಿ. ಅಂಥ ತಂಡದ ಆಟಗಾರ ಒಬ್ಬಂಟಿಯಾಗಿ ಎದುರಾಳಿಯನ್ನು ಕಾಯ್ದ ದೃಶ್ಯಗಳು ಕಡಿಮೆ ಸಿಗುತ್ತವೆ. ಹಾಗಿದ್ದಾಗ ರಕ್ಷಣೆಯ ಕಾಲಂನಲ್ಲಿ ಒಳ್ಳೆಯದೆಂದೂ ಕೆಟ್ಟದೆಂದೂ ಬರೆಯದೆ ಖಾಲಿ ಬಿಡಿ.

ಹಂತ 6: ರಿಬೌಂಡ್ ಮತ್ತು ಪಾಸ್

ತಪ್ಪಿದ ಎಸೆತವನ್ನು ಹಿಡಿಯುವ ಗುಣ ಕಾಲೇಜಿನಿಂದ ಎನ್‌ಬಿಎಗೆ ಬಹುಪಾಲು ಹಾಗೆಯೇ ದಾಟುತ್ತದೆ. ಲೂಯಿಸಿಯಾನಾ ಟೆಕ್‌ನ ಪಾಲ್ ಮಿಲ್‌ಸ್ಯಾಪ್ ಸತತ ಮೂರು ವರ್ಷ ದೇಶದಲ್ಲೇ ಹೆಚ್ಚು ರಿಬೌಂಡ್ ಗಳಿಸಿದರೂ, ಚಿಕ್ಕ ಕಾಲೇಜು, ಎತ್ತರ ಸಾಲದು ಎಂಬ ಅನುಮಾನಗಳಿಂದ 2006ರಲ್ಲಿ 47ನೆಯ ಆಯ್ಕೆಯವರೆಗೆ ಕಾಯಬೇಕಾಯಿತು. ಅವರು ನಾಲ್ಕು ಸಲ ಎನ್‌ಬಿಎಯ ಆಲ್ ಸ್ಟಾರ್ ಪಂದ್ಯಕ್ಕೆ, ಅಂದರೆ ಋತುವಿನ ತಾರೆಯರ ಪಂದ್ಯಕ್ಕೆ, ಆಯ್ಕೆಯಾದರು.

ಪಾಸ್‌ನಲ್ಲಿ ಅಸಿಸ್ಟ್‌ಗಳ ಸಂಖ್ಯೆಯನ್ನು ಟರ್ನೋವರ್‌ಗಳೊಂದಿಗೆ, ಎಂದರೆ ಚೆಂಡು ಕಳೆದುಕೊಂಡ ಸಲಗಳೊಂದಿಗೆ ಹೋಲಿಸಿ. ಫಾರ್ವರ್ಡ್ ಒಬ್ಬನಲ್ಲಿ ಇವೆರಡೂ ಸಮವಿದ್ದರೆ ಅಡ್ಡಿಯಿಲ್ಲ, ಅಸಿಸ್ಟ್ ಹೆಚ್ಚಿದ್ದರೆ ಸಂತೋಷ. ಚೆಂಡು ಕೈಗೆ ಬಂದ ಅರ್ಧ ಸೆಕೆಂಡಿನಲ್ಲಿ ಎಸೆಯುವುದೋ, ನುಗ್ಗುವುದೋ, ದಾಟಿಸುವುದೋ ಎಂದು ತೀರ್ಮಾನಿಸುತ್ತಾನೆಯೇ ಎಂಬುದನ್ನು ಗಮನಿಸಿ. ಹಿಡಿದು ನಿಂತು ಯೋಚಿಸುವ ಸಲಿಗೆ ಐದನೆಯ ಆಟಗಾರನಿಗೆ ಯಾವ ತಂಡವೂ ಕೊಡುವುದಿಲ್ಲ.

ಹಂತ 7: ಆರೋಗ್ಯ

ವೈದ್ಯಕೀಯ ವರದಿಗಳು ನಮಗೆ ಸಿಗುವುದಿಲ್ಲ, ತಂಡಗಳಿಗೆ ಸಿಗುತ್ತವೆ. ನಾವು ನೋಡಬಹುದಾದದ್ದು ತಪ್ಪಿಸಿಕೊಂಡ ಪಂದ್ಯಗಳು, ಬಹಿರಂಗವಾದ ಶಸ್ತ್ರಚಿಕಿತ್ಸೆಗಳು. ಮೈಕೆಲ್ ಪೋರ್ಟರ್ ಜೂನಿಯರ್ ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ ಮಿಸೌರಿಗೆ ಆಡಿದ್ದು ಮೂರೇ ಪಂದ್ಯ. ಮೊದಲ ಕೆಲವರಲ್ಲಿ ಹೋಗಬೇಕಿದ್ದವರು 2018ರಲ್ಲಿ 14ಕ್ಕೆ ಜಾರಿದರು. ಅಲ್ಲಿ ಅವರನ್ನು ಪಡೆದ ಡೆನ್ವರ್ 2023ರಲ್ಲಿ ಪ್ರಶಸ್ತಿ ಗೆದ್ದಾಗ ಅವರು ಮೊದಲ ಐವರಲ್ಲಿದ್ದರು. ಗಾಯದ ಸುದ್ದಿಯನ್ನು ಬೆಲೆ ಇಳಿಸಲು ಬಳಸಿ, ಹೆಸರನ್ನೇ ಹೊಡೆದುಹಾಕಲು ಬಳಸಬೇಡಿ.

ಹಂತ 8: ಪಾತ್ರವನ್ನು ಬರೆಯುವುದು

ಈಗ ನೋಟ್‌ಬುಕ್ಕಿನಲ್ಲಿ ಒಂದೇ ವಾಕ್ಯ ಬರೆಯಿರಿ: ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಗೆಲ್ಲುವ ತಂಡವೊಂದರಲ್ಲಿ ಈತ ಇಪ್ಪತ್ತು ನಿಮಿಷ ಯಾವ ಕೆಲಸಕ್ಕಾಗಿ ಆಡುತ್ತಾನೆ? "ಮೂಲೆಯಲ್ಲಿ ನಿಂತು ಮೂರು ಅಂಕ ಎಸೆಯುತ್ತಾನೆ, ಎದುರಾಳಿಯ ಉತ್ತಮ ಫಾರ್ವರ್ಡ್‌ನನ್ನು ಕಾಯುತ್ತಾನೆ" ಎಂಬಂಥ ವಾಕ್ಯ ನಿಮ್ಮ ಟಿಪ್ಪಣಿಗಳಿಂದ ತಾನಾಗಿ ಹೊರಬಂದರೆ ಆಟಗಾರನಿಗೆ ಜಾಗವಿದೆ. "ಅಂಕ ಗಳಿಸುತ್ತಾನೆ" ಎಂಬುದನ್ನು ಬಿಟ್ಟು ಬೇರೇನೂ ಬರೆಯಲು ಆಗದಿದ್ದರೆ, ಆತ ಇಡೀ ಲೀಗಿನ ಅತ್ಯುತ್ತಮ ಅಂಕಗಾರರ ಸಾಲಿಗೆ ಸೇರಲೇಬೇಕು, ಇಲ್ಲವಾದರೆ ಬೆಂಚೇ ಗತಿ.

ಆ ವಾಕ್ಯದ ಕೆಳಗೆ ದಿನಾಂಕ ಹಾಕಿ ಮುಚ್ಚಿಡಿ. ಡ್ರಾಫ್ಟ್ ಮುಗಿದ ಮೇಲೆ ಅದನ್ನು ತಿದ್ದಬೇಡಿ. ಎರಡನೆಯ ಋತು ಮುಗಿದು ಮೂರನೆಯದು ಶುರುವಾಗುವ ಹೊತ್ತಿಗೆ, ಮೊದಲ ಸುತ್ತಿನ ಆಟಗಾರನ ನಾಲ್ಕನೆಯ ವರ್ಷದ ಒಪ್ಪಂದವನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂದು ತಂಡ ತೀರ್ಮಾನಿಸಬೇಕಾಗುತ್ತದೆ. ಜಾಕ್ಸನ್ ಅವರನ್ನು ಆರಿಸಿಕೊಂಡಿದ್ದ ಫೀನಿಕ್ಸ್ ತಂಡ ಅವರನ್ನು ಮೆಂಫಿಸ್ ತಂಡಕ್ಕೆ ಬಿಟ್ಟುಕೊಟ್ಟದ್ದು ಎರಡೇ ಋತುಗಳ ನಂತರ. ನೀವೂ ನಿಮ್ಮ ನೋಟ್‌ಬುಕ್ಕನ್ನು ಆಗಲೇ ತೆರೆಯಿರಿ, ವಾಕ್ಯ ತಪ್ಪಾಗಿದ್ದರೆ ಯಾವ ಹಂತದಲ್ಲಿ ತಪ್ಪಿತು ಎಂದು ಅದರ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.